ಎಡಚ ಸಿಪಾಯಿಯನ್ನು ಬಲಕ್ಕೆ ತಿರುಗಿಸಿದ್ದು ಕೋವಿ

ಮಾನ್ಯ ಸಂಪಾದಕರೇ,

ಆಗಸ್ಟ್ 13ರ ಎಡಗೈಯವರ ದಿನದ ಅಂಗವಾಗಿ ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ ಎರಡು ಮಾತುಗಳಿವೆ. ಹಿಂದಿನ ಸೇನೆಗಳು ಎಡಗೈಯನ್ನು ಅಪಶಕುನವೆಂದು ಬಗೆದು ಎಡಚ ಸಿಪಾಯಿಗಳನ್ನು ಬಡಿದು ಬಲಗೈಗೆ ತಿರುಗಿಸಿದವು ಎಂಬುದು ಒಂದು. ಆದರೂ ಕೆಲವರು ಜಗ್ಗದೆ ಎಡಗೈಯಲ್ಲೇ ಕಾದಾಡಿದರು ಎಂಬುದು ಇನ್ನೊಂದು. ಇದಕ್ಕೆ ಸಾಕ್ಷಿಯಾಗಿ ಅಮೆರಿಕದ ಅಂತರ್ಯುದ್ಧ ಕಾಲದ ಸಿಪಾಯಿಯೊಬ್ಬನ ಫೋಟೊ ಹಾಕಿದ್ದೀರಿ. ಆ ಫೋಟೊದಲ್ಲಿ ಕೋವಿಯ ಲಾಕು, ಅಂದರೆ ಮದ್ದಿಗೆ ಬೆಂಕಿ ಹೊತ್ತಿಸುವ ಸಲಕರಣೆ, ಎಡಪಕ್ಕದಲ್ಲಿದೆ, ನಡುಪಟ್ಟಿಯ ಬಿಲ್ಲೆಯ ಮೇಲಿನ ಅಕ್ಷರಗಳು ಹಿಂದುಮುಂದಾಗಿವೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೋವಿಯನ್ನೇ ನೋಡೋಣ.

ಎಡಗೈಯ ಮೇಲೆ ಜನಕ್ಕೆ ತಿರಸ್ಕಾರವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಶಾಲೆಯಲ್ಲಿ, ಊಟದ ಎಲೆಯ ಮುಂದೆ ಎಡಗೈ ಚಾಚಿದ ಮಕ್ಕಳು ತಿಂದ ಪೆಟ್ಟು ಸಣ್ಣದಲ್ಲ. ಆದರೆ ಸಾಲಿನಲ್ಲಿ ನಿಂತು ಗುಂಡು ಹಾರಿಸಬೇಕಾದ ಸಿಪಾಯಿಯನ್ನು ಬಲ ಹೆಗಲಿಗೆ ಒಗ್ಗಿಸಿದ್ದಕ್ಕೆ ಕಾರಣ ಶಕುನವಲ್ಲ. ಆ ಕಾರಣ ಕೋವಿಯ ಬಲಪಕ್ಕದಲ್ಲಿ ಕಣ್ಣಿಗೆ ಕಾಣುವಂತೆಯೇ ಕೂತಿದೆ.

ಮೊದಮೊದಲ ಕೈಕೋವಿಗಳಲ್ಲಿ ಮದ್ದಿಗೆ ಕಿಡಿ ತಾಗಿಸುವ ತೂತು ನಳಿಗೆಯ ನೆತ್ತಿಯ ಮೇಲಿತ್ತು. ಅದು ಯಾವ ಕೈಗೂ ಒಂದೇ. 15ನೇ ಶತಮಾನದಲ್ಲಿ ಆ ತೂತು ಬಲಪಕ್ಕಕ್ಕೆ ಇಳಿಯಿತು, ಅದರ ಕೆಳಗೆ ರಂಜಕದ ಬಟ್ಟಲು ಬಂತು. ರಂಜಕವೆಂದರೆ ಮೊದಲು ಹೊತ್ತಿಕೊಂಡು, ತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿ ದಾಟಿಸುವ ಚಿಟಿಕೆ ಪುಡಿ. ಮೇಲೆ ತೆರೆದಿದ್ದಾಗ ಗಾಳಿಗೆ ಹಾರಿ, ಮಳೆಗೆ ತೋಯ್ದು ಹಾಳಾಗುತ್ತಿದ್ದ ಪುಡಿಗೆ ಪಕ್ಕದಲ್ಲಿ ಮುಚ್ಚಳವಿರುವ ಮನೆ ಸಿಕ್ಕಿತು. ಹೆಚ್ಚಿನವರು ಬಲಗೈಯವರಾದ್ದರಿಂದ ಬಟ್ಟಲು ಬಲಕ್ಕೆ ಬಂತು. ಅಲ್ಲಿಂದ ಮುಂದೆ ಉರಿಯುವ ಬತ್ತಿಯ ಬತ್ತಿಕೋವಿ, ಕಲ್ಲಿನ ಕಿಡಿಯ ಚಕಮಕಿ ಕೋವಿ, ಬಡಿದರೆ ಸಿಡಿಯುವ ತಾಮ್ರದ ಟೊಪ್ಪಿಯ ಕೇಪಿನ ಕೋವಿ ಎಲ್ಲಕ್ಕೂ ಬೆಂಕಿ ಹೊರಡುವ ಜಾಗ ಬಲಪಕ್ಕವೇ ಆಯಿತು. ಮಲೆನಾಡಿನ ಹಳೆಯ ಒಂಟಿನಳಿಗೆಯ ಕೇಪಿನ ಕೋವಿಯನ್ನು ನೋಡಿದವರಿಗೆ ಅದರ ಕುದುರೆ, ಅಂದರೆ ಬಡಿದು ಬೆಂಕಿ ಹೊತ್ತಿಸುವ ಕೊಕ್ಕೆ, ಯಾವ ಪಕ್ಕದಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬತ್ತಿಕೋವಿಯ ಕಾಲದ ಕಷ್ಟವೇ ಬೇರೆ. ಎರಡೂ ತುದಿ ಹೊತ್ತಿಸಿದ ಬತ್ತಿಯನ್ನು ಸಿಪಾಯಿ ಎಡಗೈಯ ಬೆರಳುಗಳ ಸಂದಿನಲ್ಲಿ ಹಿಡಿದಿರುತ್ತಿದ್ದ. ಮದ್ದು ಮುಟ್ಟುವುದು ಬಲಗೈಯ ಕೆಲಸ. 1607ರಲ್ಲಿ ಜೇಕಬ್ ಡಿ ಗೇನ್ ಎಂಬ ಕಲಾವಿದ ಡಚ್ ಸೇನೆಯ ಕವಾಯತನ್ನು ಚಿತ್ರದಲ್ಲಿ ಕೆತ್ತಿ ತೋರಿಸಿದಾಗ ಮಸ್ಕೆಟ್ ಎಂಬ ಉದ್ದ ಕೋವಿಯೊಂದಕ್ಕೇ 43 ಭಂಗಿಗಳು ಬೇಕಾದವು. ಅಷ್ಟು ಭಂಗಿಗಳ ಉದ್ದೇಶದಲ್ಲಿ ಮುಖ್ಯವಾದದ್ದು ಉರಿಯುವ ಬತ್ತಿಯನ್ನೂ ಬಿಡಿಮದ್ದನ್ನೂ ದೂರ ಇಡುವುದು. ಸಾಲಿನಲ್ಲಿ ಒಬ್ಬನು ಕೈ ಬದಲಿಸಿದರೆ ಅವನ ಕೆಂಡ ಪಕ್ಕದವನ ಎದೆಪಟ್ಟಿಗೆ ಜೋತುಬಿದ್ದ ಮದ್ದಿನ ಡಬ್ಬಿಗಳತ್ತ ಬರುತ್ತಿತ್ತು.

ಈಗ ಚಕಮಕಿ ಕೋವಿ. ಈಸ್ಟ್ ಇಂಡಿಯಾ ಕಂಪನಿಗಾಗಿ ಮೊದಲು ತಯಾರಾಗಿ, 1797ರ ಸುಮಾರಿಗೆ ಬ್ರಿಟಿಷ್ ಸೇನೆಯೂ ಒಪ್ಪಿಕೊಂಡ 'ಇಂಡಿಯಾ ಪ್ಯಾಟರ್ನ್' ಮಸ್ಕೆಟನ್ನೇ ತೆಗೆದುಕೊಳ್ಳಿ. ನಳಿಗೆ 39 ಅಂಗುಲ, ಬಾಯಿ ಮುಕ್ಕಾಲು ಅಂಗುಲ, ತೂಕ ಸುಮಾರು ನಾಲ್ಕೂವರೆ ಕಿಲೊ. ಸೀಸದ ಗುಂಡು ಸುಮಾರು 31 ಗ್ರಾಂ, ಕಾಗದದ ತೋಟಾದಲ್ಲಿ ಅದರ ಜೊತೆ ಸುಮಾರು 10 ಗ್ರಾಂ ಮದ್ದು. ಒಳ್ಳೆಯ ಅಭ್ಯಾಸವಿದ್ದವನು ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ.

ತುಂಬುವ ಕ್ರಮ ಹೀಗೆ. ಎಡಗೈಯಲ್ಲಿ ಕೋವಿಯ ತೂಕ ಹೊತ್ತು, ಬಲಗೈ ಹೆಬ್ಬೆರಳಿನಿಂದ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಬೇಕು, ಬಟ್ಟಲಿನ ಮೇಲಿನ ಉಕ್ಕಿನ ಮುಚ್ಚಳವನ್ನು ಮುಂದಕ್ಕೆ ತಳ್ಳಬೇಕು. ಬಲ ಸೊಂಟದ ಹಿಂದಿನ ಚೀಲದಿಂದ ತೋಟಾ ತೆಗೆದು ತುದಿ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಬಟ್ಟಲಿಗೆ ಸುರಿದು ಮುಚ್ಚಳ ಹಾಕಬೇಕು. ಕೋವಿಯ ಬುಡವನ್ನು ಎಡಗಾಲಿನ ಪಕ್ಕಕ್ಕೆ ತಿರುಗಿಸಿ, ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ನಳಿಗೆಯ ಬಾಯಿಗೆ ಹಾಕಬೇಕು. ಗಜವನ್ನು, ಅಂದರೆ ಮದ್ದು ಜಡಿಯುವ ಸಲಾಕೆಯನ್ನು, ಎಳೆದು, ತಿರುಗಿಸಿ, ಜಡಿದು, ಮತ್ತೆ ಅದರ ಮನೆಗೆ ಸೇರಿಸಬೇಕು. ಕುದುರೆಯನ್ನು ಪೂರ್ತಿ ಎಳೆದು ಹೆಗಲಿಗೇರಿಸಬೇಕು.

ಇಲ್ಲಿಯವರೆಗೆ ಎಡಚನಿಗೆ ದೊಡ್ಡ ತೊಡಕೇನಿಲ್ಲ. ಎರಡೂ ಕೈಗೆ ಸಮನಾಗಿ ಕೆಲಸವಿದೆ, ಯಾರಾದರೂ ಕಲಿತೇ ಕಲಿಯಬೇಕು. ತೊಂದರೆ ಶುರುವಾಗುವುದು ಎಡ ಹೆಗಲಿಗೆ ಏರಿಸಿದ ಕ್ಷಣದಲ್ಲಿ. ಎಡ ಹೆಗಲಿನವನ ಕೆನ್ನೆ ಮರದ ಬಲಪಕ್ಕಕ್ಕೆ ಒರಗುತ್ತದೆ. ರಂಜಕದ ಬಟ್ಟಲು ಇರುವುದೂ ಆ ಪಕ್ಕದಲ್ಲೇ, ಮುಖದಿಂದ ಒಂದು ಗೇಣು ಮುಂದೆ. ಕುದುರೆ ಬಿದ್ದಾಗ ಬಟ್ಟಲಿನ ಪುಡಿ ಭಗ್ಗನೆ ಉರಿಯುತ್ತದೆ. ಅದರ ಬೆನ್ನಿಗೇ ನಳಿಗೆಯೊಳಗಿನ ಬಿಸಿಗಾಳಿ ಆ ತೂತಿನಿಂದ ಬಲಕ್ಕೆ ಚಿಮ್ಮುತ್ತದೆ, ಜೊತೆಗೆ ಚಕಮಕಿ ಕಲ್ಲಿನ ಚೂರುಗಳು ಹಾರುತ್ತವೆ. ಬಲ ಹೆಗಲಿನವನಿಗೆ ಇವೆಲ್ಲ ಮರದ ಆಚೆ ಪಕ್ಕದಲ್ಲಿ ನಡೆಯುತ್ತವೆ, ಎಡ ಹೆಗಲಿನವನಿಗೆ ತನ್ನ ಬಲಗಣ್ಣಿನ ಮುಂದೆಯೇ. ಕೋವಿ ಹಳತಾದಂತೆ ತೂತು ಸವೆದು ಅಗಲವಾಗುತ್ತದೆ, ಚಿಮ್ಮುವ ಬೆಂಕಿಯೂ ಹೆಚ್ಚುತ್ತದೆ. ಒಂದೆರಡು ಸಲ ಹುಬ್ಬು ಸುಟ್ಟುಕೊಂಡವನು ಮೂರನೆಯ ಸಲ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸಿಯೇ ಕುದುರೆ ಬಿಡುತ್ತಾನೆ. ಗುಂಡು ಆಕಾಶಕ್ಕೋ ನೆಲಕ್ಕೋ ಹೋಗುತ್ತದೆ.

ಅವನು ಒಬ್ಬನೇ ನಿಂತಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಾಲಿನಲ್ಲಿ ಒಬ್ಬ ಸಿಪಾಯಿಗೆ ಸಿಗುತ್ತಿದ್ದ ಅಗಲ 22 ಅಂಗುಲ, ಮೊಣಕೈಗೆ ಮೊಣಕೈ ತಾಗುವಷ್ಟು. ಬಲ ಹೆಗಲಿಗೆ ಏರಿಸುವವರೆಲ್ಲರ ಎದೆ ಸ್ವಲ್ಪ ಬಲಕ್ಕೆ ತಿರುಗಿರುತ್ತದೆ, ಒಬ್ಬನ ಬೆನ್ನ ಹಿಂದೆ ಒಬ್ಬ, ಪುಸ್ತಕದ ಹಾಳೆಗಳ ಹಾಗೆ ಒತ್ತಾಗಿ ನಿಲ್ಲಬಹುದು. ನಡುವೆ ಒಬ್ಬ ಎಡ ಹೆಗಲಿನವನು ಬಂದರೆ ಅವನ ಎದೆ ಎಡಕ್ಕೆ ತಿರುಗುತ್ತದೆ. ಎಡಪಕ್ಕದವನಿಗೂ ಇವನಿಗೂ ಮುಖಾಮುಖಿ, ಮೊಣಕೈಗಳಿಗೆ ತಿಕ್ಕಾಟ. ಎಡಪಕ್ಕದವನ ಬಟ್ಟಲಿನ ಬೆಂಕಿ ಬಲಕ್ಕೆ, ಅಂದರೆ ನೇರ ಇವನತ್ತ, ಚಿಮ್ಮುತ್ತದೆ. ಉಳಿದವರಿಗೆ ತೋಳಿನ ಹಿಂಬದಿಗೆ ಬಡಿಯುವ ಕಿಡಿ ಇವನಿಗೆ ಮುಖಕ್ಕೇ ಬಡಿಯುತ್ತದೆ. ಸ್ವಂತ ಕೋವಿಯದೊಂದು, ಪಕ್ಕದವನದೊಂದು, ಹೀಗೆ ಎರಡು ಬೆಂಕಿ ಒಂದೇ ಮುಖಕ್ಕೆ.

ಹಿಂದಿನ ಸಾಲಿನ ಲೆಕ್ಕ ಇನ್ನೂ ಗಂಭೀರವಾದದ್ದು. ಗುಂಡು ಹಾರಿಸುವ ಮುನ್ನ ಹಿಂದಿನ ಸಾಲಿನವನು ಸ್ವಲ್ಪ ಬಲಕ್ಕೆ ಸರಿದು, ಮುಂದಿನವನ ಬಲ ಹೆಗಲ ಪಕ್ಕದ ಸಂದಿಯಿಂದ ನಳಿಗೆ ಚಾಚಬೇಕು ಎಂಬುದು ಕವಾಯತು. ಅಳತೆ ಮಾಡಿದ್ದೆಲ್ಲ ಬಲ ಹೆಗಲಿನ ಮೇಲೆ. ಅದೇ ಜಾಗದಲ್ಲಿ ನಿಂತು ಕೋವಿಯನ್ನು ಎಡ ಹೆಗಲಿಗೆ ಬದಲಿಸಿದರೆ ನಳಿಗೆ ಸುಮಾರು ಒಂದಡಿ ಎಡಕ್ಕೆ ಹೋಗುತ್ತದೆ. ಅಲ್ಲಿರುವುದು ಮುಂದಿನವನ ತಲೆ.

ಹೊರುವ ಸಾಮಾನೂ ಬಲಗೈಗೆ ತಕ್ಕಂತೆಯೇ ಇತ್ತು. ತೋಟಾ ಚೀಲದ ಪಟ್ಟಿ ಎಡ ಹೆಗಲ ಮೇಲಿಂದ ಇಳಿದು ಚೀಲ ಬಲ ಸೊಂಟಕ್ಕೆ ಬರುತ್ತದೆ, ಬಯೊನೆಟ್ ಎಡ ಸೊಂಟದಲ್ಲಿ. ಬಯೊನೆಟ್ ಸಿಕ್ಕಿಸಿದಾಗ ಅದರ ಅಲಗು ನಳಿಗೆಯ ಬಲಕ್ಕೆ ವಾಲಿ ನಿಲ್ಲುತ್ತದೆ, ಗಜ ಜಡಿಯುವ ಕೈ ಅದನ್ನು ನೋಡಿಕೊಂಡು ಆಡಬೇಕು.

ಹಾಗಾದರೆ ಎಡಚರಿಗೆಂದು ಎಡಕ್ಕೆ ಲಾಕಿರುವ ಕೋವಿ ಮಾಡಿಸಬಹುದಿತ್ತಲ್ಲ ಎಂದು ಕೇಳಬಹುದು. ಹಣವಿದ್ದವರು ತಮ್ಮ ಬೇಟೆಗೆ ಮಾಡಿಸಿಕೊಂಡದ್ದುಂಟು. ಸೇನೆಗೆ ಅದು ಆಗದ ಮಾತು. ಎಡ ಲಾಕು ಎಂದರೆ ಲಾಕನ್ನು ತೆಗೆದು ಆಚೆ ಪಕ್ಕಕ್ಕೆ ಕೂಡಿಸುವುದಲ್ಲ. ಒಳಗಿನ ದೊಡ್ಡ ಸ್ಪ್ರಿಂಗು, ಕುದುರೆಯನ್ನು ತಡೆದು ಹಿಡಿಯುವ ಕೊಂಡಿ, ಬಟ್ಟಲು, ಉಕ್ಕಿನ ಮುಚ್ಚಳ, ಕುದುರೆ, ಒಂದೊಂದೂ ಕನ್ನಡಿಯ ಬಿಂಬದಂತೆ ತಿರುವಿಯೇ ತಯಾರಾಗಬೇಕು. ಮರವನ್ನು ಎಡಪಕ್ಕದಲ್ಲಿ ಕೊರೆಯಬೇಕು, ನಳಿಗೆಗೆ ತೂತು ಎಡಕ್ಕೆ ಹಾಕಬೇಕು. ಸಾವಿರ ಜನರ ಪಲ್ಟನ್ನಿನಲ್ಲಿ ಹತ್ತರಲ್ಲೊಬ್ಬರಂತೆ ನೂರು ಎಡಚರಿದ್ದರು ಎಂದಿಟ್ಟುಕೊಳ್ಳಿ. ಆ ನೂರು ಕೋವಿಗಳಿಗೆ ಬಿಡಿಭಾಗ ಬೇರೆ, ರಿಪೇರಿ ಬೇರೆ. ಯುದ್ಧದಲ್ಲಿ ಬಿದ್ದವನ ಕೋವಿಯನ್ನು ಪಕ್ಕದವನು ಎತ್ತಿಕೊಂಡರೆ ಉಪಯೋಗವಿಲ್ಲ.

ಇದರ ಜೊತೆಗೆ, ಬಲಕ್ಕೆ ತಿರುಗಿಸಿದ್ದರಿಂದ ಆ ಕಾಲದಲ್ಲಿ ಎಡಚನಿಗೆ ಆದ ನಷ್ಟ ಕಡಿಮೆ ಎಂಬುದನ್ನು ಲೇಖಕರು ಗಮನಿಸಿಲ್ಲ. ಮಸ್ಕೆಟ್ಟಿಗೆ ಹಿಂಬದಿಯ ಗುರಿಪಟ್ಟಿಯೇ ಇರಲಿಲ್ಲ. ಬ್ರಿಟಿಷ್ ಕವಾಯತಿನ ಹುಕುಂ 'ಗುರಿಯಿಡು' ಎಂದಲ್ಲ, 'ಪ್ರೆಸೆಂಟ್', ಅಂದರೆ ಮುಂದಕ್ಕೆ ಚಾಚು. ನಳಿಗೆಯೊಳಗೆ ಗುಂಡೇ ಸಡಿಲ. ಐವತ್ತು ನೂರು ಗಜದಲ್ಲಿ ನಿಂತ ಸಾಲಿನ ಮೇಲೆ ಎಲ್ಲರೂ ಒಟ್ಟಿಗೆ ಸುರಿಯುವಾಗ ಯಾವ ಕಣ್ಣು ಬಲವಾದದ್ದು, ಯಾವ ಬೆರಳು ಚುರುಕು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಲೆಕ್ಕಕ್ಕೆ ಬಂದದ್ದು ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್ ಬಂದ ಮೇಲೆ. 1853ರ ಎನ್‌ಫೀಲ್ಡ್‌ಗೆ ನೂರಾರು ಗಜದವರೆಗೆ ಏರಿಸಬಲ್ಲ ಗುರಿಪಟ್ಟಿಯಿತ್ತು, ಗುರಿ ಕಲಿಸಲು ಅದೇ ವರ್ಷ ಇಂಗ್ಲೆಂಡಿನ ಹೈತ್‌ನಲ್ಲಿ ಶಾಲೆ ತೆರೆಯಿತು. ಈಗ ಕಣ್ಣು ಮುಖ್ಯವಾಯಿತು. ಯಾವ ಕೈ ಮುಂದೋ ಕಣ್ಣೂ ಅದೇ ಪಕ್ಕದ್ದು ಮುಂದಿರಬೇಕೆಂದೇನಿಲ್ಲ, ಬಲಗೈಯವರಲ್ಲೂ ಎಷ್ಟೋ ಜನಕ್ಕೆ ಎಡಗಣ್ಣೇ ಮುಂದು. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಕಂಬ ನೋಡುತ್ತಾ ಕೈಯನ್ನು ಮುಖಕ್ಕೆ ತಂದರೆ ಕಿಂಡಿ ಯಾವ ಕಣ್ಣಿಗೆ ಬರುತ್ತದೋ ಅದೇ ಮುಂದಾಳು ಕಣ್ಣು. ಎಡಗಣ್ಣು ಮುಂದಾಳಾಗಿದ್ದವನು ಬಲ ಹೆಗಲಿನಿಂದ ಎರಡೂ ಕಣ್ಣು ತೆರೆದು ಗುರಿಯಿಟ್ಟರೆ ಗುಂಡು ಅಡ್ಡಕ್ಕೆ ಹೋಗುತ್ತದೆ. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಪಳಗಿಸುವುದೇ ಅವನಿಗೆ ದಾರಿ. ಅಮೆರಿಕದ 1863ರ ಕಡ್ಡಾಯ ಭರ್ತಿಯ ನಿಯಮದಲ್ಲಿ ಬಲಗಣ್ಣಿನ ದೃಷ್ಟಿ ಹೋದವನಿಗೆ ವಿನಾಯಿತಿಯಿತ್ತು, ಎಡಗಣ್ಣು ಹೋದವನಿಗೆ ಇರಲಿಲ್ಲ. ಕೋವಿ ಯಾವ ಪಕ್ಕದ್ದು ಎಂಬುದನ್ನು ಕಾನೂನೇ ಹೇಳಿಬಿಟ್ಟಿತ್ತು.

ಕೇಪು ಬಂದ ಮೇಲೆ ಬಟ್ಟಲಿನ ಬೆಂಕಿ ಹೋಯಿತು, ತಾಮ್ರದ ಚೂರು ಉಳಿಯಿತು. ಆ ಚೂರುಗಳನ್ನು ತಡೆಯಲೆಂದೇ ಕುದುರೆಯ ಮೂತಿಯನ್ನು ಒಳಗೆ ಗುಳಿ ತೋಡಿ ಮಾಡುತ್ತಿದ್ದರು. ಮೂತಿ ಸವೆದ ಕೋವಿಯಲ್ಲಿ ಚೂರು ಸಿಡಿಯುವುದು ತಪ್ಪುತ್ತಿರಲಿಲ್ಲ. ಜೋಡುನಳಿಗೆ ಕೋವಿಗೆ ಮಾತ್ರ ಕುದುರೆಗಳು ಎರಡೂ ಪಕ್ಕದಲ್ಲಿರುವುದರಿಂದ ಎಡಚ ಬೇಟೆಗಾರನಿಗೆ ಅದು ಹೆಚ್ಚು ಪಕ್ಷಪಾತ ಮಾಡಲಿಲ್ಲ.

ಎಡಗೈಯನ್ನು ಕವಾಯತು ದೂರವಿಟ್ಟಿತು ಎಂಬ ಮಾತಿಗೆ 1857 ಒಳ್ಳೆಯ ಉತ್ತರ. ಕೊಬ್ಬು ಸವರಿದ ತೋಟಾ ಕಚ್ಚುವ ವಿಚಾರದಲ್ಲಿ ಸಿಪಾಯಿಗಳು ಸಿಡಿದೆದ್ದ ಆ ವರ್ಷ ಕಚ್ಚುವುದನ್ನು ಬಿಟ್ಟು ತುದಿಯನ್ನು ಎಡಗೈ ಬೆರಳುಗಳಿಂದ ಹರಿಯುವಂತೆ ಕವಾಯತನ್ನು ತಿದ್ದಲಾಯಿತು. ಕೋವಿ ಹಿಡಿದ ಎಡಗೈಯ ಹೆಬ್ಬೆರಳು ತೋರುಬೆರಳಿನ ಹತ್ತಿರ ತೋಟಾ ತಂದು, ಮದ್ದು ಚೆಲ್ಲದಂತೆ ಹರಿಯಬೇಕು. ಅನುಕೂಲ ಎಲ್ಲಿತ್ತೋ ಅಲ್ಲಿ ಎಡಗೈಗೆ ನಾಜೂಕಿನ ಕೆಲಸ ಕೊಡಲು ಸೇನೆಗೆ ಯಾವ ಮಡಿಯೂ ಇರಲಿಲ್ಲ.

ನಮ್ಮ ಶ್ರೀರಂಗಪಟ್ಟಣಕ್ಕೆ ಸೇರಿದ ವಿಷಯವೊಂದನ್ನು ಲೇಖಕರು ಬಿಟ್ಟಿದ್ದು ನನಗೆ ಬೇಸರ ತಂದಿತು. ಟಿಪ್ಪು ಸುಲ್ತಾನನಿಗಾಗಿ ಅಲ್ಲಿನ ಕಾರ್ಖಾನೆಯಲ್ಲಿ ತಯಾರಾಗಿ, 1799ರ ಮೇ 4ರ ಪತನದ ನಂತರ ಬ್ರಿಟನ್ನಿಗೆ ಹೋದ ಆಯುಧಗಳಲ್ಲಿ ಜೋಡಿ ಪಿಸ್ತೂಲುಗಳಿವೆ, ಒಂದರ ಲಾಕು ಬಲಕ್ಕೆ, ಇನ್ನೊಂದರದು ಎಡಕ್ಕೆ. ಎದುರುಬದುರು ಇಟ್ಟರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಸ್ಪ್ರಿಂಗಿನಿಂದ ಹಿಡಿದು ಬಟ್ಟಲಿನವರೆಗೆ ಎಲ್ಲವನ್ನೂ ತಿರುವಿ ಮಾಡುವ ಆ ಕೆಲಸ ಎಷ್ಟು ಕಷ್ಟದ್ದು ಎಂದು ಮೇಲೆ ಹೇಳಿದ್ದೇನೆ. ಅದನ್ನು ಅಷ್ಟು ಅಂದವಾಗಿ ಮಾಡಿದ ನಮ್ಮ ಕಮ್ಮಾರರ ಕೈಗೆ ಮುಗಿಯಬೇಕು. ಹಾಗೆಂದು ಇದರಿಂದ ಟಿಪ್ಪು ಎಡಚನೆಂದು ತೀರ್ಮಾನಿಸುವುದು ಸಲ್ಲದು, ಅಂತಹ ಒಂದು ಜೋಡಿ ಎರಡು ಕೈಗೂ ಆಗುತ್ತದೆ. ಎಡಗೈಯಲ್ಲೂ ಬಾಣ ಬಿಡುತ್ತಿದ್ದ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂತು. ಬಿಲ್ಲಿಗೆ ಎಡಬಲವೆಂಬುದಿಲ್ಲ, ಯಾವ ಕೈಗೂ ಒಲಿಯುತ್ತದೆ. ಒಂಟಿ ಲಾಕಿನ ಕೋವಿ ಹಾಗೆ ಒಲಿಯಲಿಲ್ಲ.

ತೋಟಾ ಹಿಂದಿನಿಂದ ತುಂಬಿ, ಚಿಲಕದಂತೆ ಎಳೆದು ತಳ್ಳುವ ಬೋಲ್ಟ್ ಇರುವ ರೈಫಲ್ ಬಂದಾಗ ಮುಖಕ್ಕೆ ಬೆಂಕಿ ಬೀಳುವುದು ತಪ್ಪಿತು, ಆದರೆ ಬೋಲ್ಟಿನ ಹಿಡಿ ಬಲಕ್ಕೇ ಉಳಿಯಿತು. 1914ಕ್ಕೆ ಮೊದಲಿನ ಬ್ರಿಟಿಷ್ ಸಿಪಾಯಿ ಲೀ-ಎನ್‌ಫೀಲ್ಡ್‌ನಲ್ಲಿ 300 ಗಜದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯಬೇಕಿತ್ತು. ಮ್ಯಾಗಜಿನ್‌ನಲ್ಲಿ ಹತ್ತು, ಆಮೇಲೆ ಐದೈದರ ಪಟ್ಟಿ. ಬಲಗೈಯವನು ಕೆನ್ನೆಯನ್ನು ಮರದಿಂದ ಎತ್ತದೆ ಬೋಲ್ಟ್ ಎಳೆದು ತಳ್ಳುತ್ತಾನೆ. ಎಡಚನು ಟ್ರಿಗರಿನ ಮೇಲಿನ ಎಡಗೈಯನ್ನೇ ರೈಫಲಿನ ಮೇಲಿಂದ ಆಚೆಗೆ ಚಾಚಿದರೆ ಪ್ರತಿ ಗುಂಡಿಗೂ ತಲೆ ಎತ್ತಬೇಕು, ಗುರಿ ಹೊಸದಾಗಿ ಹುಡುಕಬೇಕು. ರೈಫಲನ್ನು ಮರಳುಚೀಲದ ಮೇಲೆ ಒರಗಿಸಿದ್ದರೆ ಮಾತ್ರ ಎಡಗೈ ಟ್ರಿಗರಿನ ಮೇಲೇ ಇದ್ದು, ಬಿಡುವಾದ ಬಲಗೈ ಬೋಲ್ಟನ್ನು ನೋಡಿಕೊಳ್ಳಬಹುದು. ಕಂದಕದಲ್ಲಿ ಇದು ನಡೆಯುತ್ತದೆ, ಬಯಲಿನಲ್ಲಿ ಓಡಿ ಮಲಗಿ ಹೊಡೆಯುವಾಗ ನಡೆಯದು.

ಬ್ರೆನ್ ಗನ್ ಎಂಬ ಹಗುರ ಮೆಷಿನ್ ಗನ್ ಇನ್ನೂ ಹಟಮಾರಿ. ಮ್ಯಾಗಜಿನ್ ನೆತ್ತಿಯ ಮೇಲೆ ಕೂರುವುದರಿಂದ ಗುರಿಪಟ್ಟಿಯನ್ನು ಎಡಪಕ್ಕಕ್ಕೆ ಸರಿಸಿದ್ದಾರೆ. ಎಡ ಹೆಗಲಿಗೆ ಒತ್ತಿದರೆ ಮುಖ ಬಲಪಕ್ಕದಲ್ಲಿ, ಗುರಿ ಎಡಪಕ್ಕದಲ್ಲಿ. ಅಮೆರಿಕದ ಗ್ಯಾರಂಡ್ ರೈಫಲಿನ ಎಂಟು ಗುಂಡಿನ ಕ್ಲಿಪ್ ಮಾತ್ರ ಎರಡು ಕೈಗೂ ನ್ಯಾಯ ಮಾಡಿದೆ: ಕ್ಲಿಪ್ಪಿಗೆ ಗುಂಡುಗಳನ್ನು ಎಡಬಲ ಬದಲಿಸಿ ಜೋಡಿಸಿದರೆ ಮೇಲಿನ ಗುಂಡು ಎಡಕ್ಕೆ ಬರುತ್ತದೆ, ಎಡಗೈಯಿಂದ ಒತ್ತಿ ತುಂಬಲು ಅನುಕೂಲ. ನಮ್ಮ ಸೇನೆಯಲ್ಲಿದ್ದ ಎಸ್‌ಎಲ್‌ಆರ್ ರೈಫಲಿನ, ಆಮೇಲಿನ ಇನ್ಸಾಸ್ ರೈಫಲಿನ ಎಳೆಯುವ ಹಿಡಿ ಎಡಪಕ್ಕದಲ್ಲಿದೆ. ಇದನ್ನು ಎಡಚರಿಗಾಗಿ ಮಾಡಿದ್ದು ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು, ಬಲಗೈ ಟ್ರಿಗರ್ ಬಿಡದಿರಲಿ ಎಂದೇ ಹಿಡಿಯನ್ನು ಎಡಗೈಗೆ ಕೊಟ್ಟದ್ದು. 1985ರಲ್ಲಿ ಬಂದ ಬ್ರಿಟನ್ನಿನ ಎಸ್‌ಎ80 ರೈಫಲನ್ನು ಎಡ ಹೆಗಲಿನಿಂದ ಹೊಡೆಯುವಂತೆಯೇ ಇಲ್ಲ. ಖಾಲಿ ತೋಟಾ ಹೊರಬೀಳುವ ಬಾಯಿ ಕೆನ್ನೆಯ ಹತ್ತಿರ ಬಲಕ್ಕಿದೆ, ಹಿಡಿಯೂ ಪ್ರತಿ ಗುಂಡಿಗೆ ಹಿಂದೆ ಮುಂದೆ ಓಡುತ್ತದೆ, ಮುಖ ಜಜ್ಜಿಹೋದೀತು. ಆ ಸೇನೆಯ ಎಡಚರು ಅದನ್ನು ಬಲಕ್ಕೇ ಹಿಡಿಯಬೇಕಾಯಿತು. ಅಲ್ಲಿ ಯಾವ ಶಕುನವಿತ್ತು ಹೇಳಿ?

ಈಗ ಆ ಫೋಟೊ. 1860ರ ದಶಕದ ತಗಡಿನ ಮೇಲಿನ, ಗಾಜಿನ ಮೇಲಿನ ಫೋಟೊಗಳಿಗೆ ನೆಗೆಟಿವ್ ಎಂಬುದಿಲ್ಲ, ಕ್ಯಾಮೆರಾದೊಳಗಿನ ತಗಡೇ ಫೋಟೊ. ಹಾಗಾಗಿ ಅದರಲ್ಲಿ ಸಾಮಾನ್ಯವಾಗಿ ಕಾಣುವುದು ಕನ್ನಡಿಯಲ್ಲಿ ಕಾಣುವಂತಹ ಬಿಂಬ, ಬಲವೆಲ್ಲ ಎಡ. ಇದೇ ಕಾರಣಕ್ಕೆ ಅಮೆರಿಕದ ಪಾತಕಿ ಬಿಲ್ಲಿ ದಿ ಕಿಡ್ ಎಡಚನೆಂದು ಬಹುಕಾಲ ಜಗತ್ತು ನಂಬಿತ್ತು. ಅವನ ತಗಡಿನ ಫೋಟೊದಲ್ಲಿ ಪಿಸ್ತೂಲು ಎಡ ಸೊಂಟದಲ್ಲಿದೆ. ಆದರೆ ಕೈಯಲ್ಲಿರುವ 1873ರ ವಿಂಚೆಸ್ಟರ್ ರೈಫಲಿಗೆ ಗುಂಡು ತುಂಬುವ ಕಿಂಡಿ ಇರುವುದು ಬಲಪಕ್ಕದಲ್ಲಿ, ಫೋಟೊದಲ್ಲಿ ಅದು ಎಡಪಕ್ಕದಲ್ಲಿ ಕಾಣುತ್ತದೆ. ಫೋಟೊವನ್ನು ತಿರುಗಿಸಿದರೆ ಕಿಂಡಿ ಅದರ ಜಾಗಕ್ಕೆ ಬರುತ್ತದೆ, ಪಿಸ್ತೂಲೂ ಬಲ ಸೊಂಟಕ್ಕೆ ಬರುತ್ತದೆ. ನೀವು ಹಾಕಿದ ಸಿಪಾಯಿಯ ಫೋಟೊದಲ್ಲೂ ಆಗಿರುವುದು ಇದೇ. ಲಾಕು ಎಡಕ್ಕಿರುವ ಮಸ್ಕೆಟನ್ನು ಆ ಸೇನೆ ಹಂಚಲಿಲ್ಲ, ಬಿಲ್ಲೆಯ ಅಕ್ಷರಗಳನ್ನು ಹಿಂದುಮುಂದಾಗಿ ಅಚ್ಚೊತ್ತಲೂ ಇಲ್ಲ. ಇನ್ನೊಂದು ತೊಡಕೂ ಇದೆ. ಬಿಂಬ ತಿರುಗುವುದು ಗೊತ್ತಿದ್ದ ಕೆಲವರು ಸರಿಯಾಗಿ ಕಾಣಲೆಂದು ಪಟ್ಟಿ, ಆಯುಧಗಳನ್ನು ಬೇಕೆಂದೇ ಆಚೆ ಪಕ್ಕಕ್ಕೆ ಧರಿಸಿ ನಿಲ್ಲುತ್ತಿದ್ದರು. ಅದಕ್ಕೇ ಚೀಲ ಎಲ್ಲಿದೆ, ಕತ್ತಿ ಎಲ್ಲಿದೆ ಎಂಬುದನ್ನು ನೋಡಿದರೆ ಸಾಲದು. ಮನುಷ್ಯನು ಬದಲಿಸಲಾಗದ್ದನ್ನು, ಅಂದರೆ ಲಾಕು, ಅಕ್ಷರ, ಕೋಟಿನ ಗುಂಡಿಗಳ ಪಕ್ಕ, ಇವನ್ನು ನೋಡಬೇಕು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ ಆ ಫೋಟೊವನ್ನು ತಿರುಗಿಸದೆ ಹಾಗೆಯೇ ಹಾಕಿ, 'ಇದು ತಗಡಿನ ಫೋಟೊ, ಎಡಬಲ ಅದಲುಬದಲಾಗಿದೆ' ಎಂದು ಕೆಳಗೆ ಬರೆಯಿರಿ. ಶ್ರೀರಂಗಪಟ್ಟಣದ ಜೋಡಿ ಪಿಸ್ತೂಲುಗಳ ಚಿತ್ರ ಸಿಕ್ಕರೆ ಎರಡೂ ಲಾಕು ಕಾಣುವಂತೆ ಪಕ್ಕದಲ್ಲಿ ಕೊಡಿ. ಒಂದನ್ನೇ ಕತ್ತರಿಸಿ ಹಾಕಿದರೆ ಓದುಗರು ಅದನ್ನೂ ತಿರುಗಿಬಿದ್ದ ಫೋಟೊ ಎಂದುಕೊಳ್ಳುತ್ತಾರೆ.

ಇತಿ,
ಹಳೆಯ ಕೋವಿಗಳ ಅಭ್ಯಾಸಿ, ಮೈಸೂರು